ತಂತಿಯಿಲ್ಲದ ಫ್ಲ್ಯಾಟ್ ಪ್ಯಾನೆಲ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಹನ್ನೆರಡು ಫ್ರೇಮ್ ಚೆನ್ನಾಗಿ ಬಂದವು. ಹದಿಮೂರನೆಯದರಿಂದ ಮುಂದೆ ಎಲ್ಲವೂ ಕಪ್ಪು.

ಶಿರಾ ಹತ್ತಿರದ ಸೋದರಮಾವನ ತೋಟ, ಫೆಬ್ರುವರಿ ತಿಂಗಳು, ಬೆಳಗಿನ ಜಾವ ಐದು ಗಂಟೆ. ಸಂಜೆ ಒಂದೇ ಕಡುಗೆಂಪು ಬೆಳಕನ್ನು ಬಿಡುವ ಹೈಡ್ರೋಜನ್ ಆಲ್ಫಾ ಫಿಲ್ಟರಿನಲ್ಲಿ ಓರಿಯನ್ ನೀಹಾರಿಕೆ ಹಿಡಿದಿದ್ದೆ. ಅದು ಪಶ್ಚಿಮಕ್ಕೆ ಇಳಿದ ಮೇಲೆ ಎಲ್ (ಲ್ಯೂಮಿನನ್ಸ್) ಫಿಲ್ಟರ್ ಹಾಕಿ ಸಿಂಹ ರಾಶಿಯ ಎಂ65, ಎಂ66 ಮತ್ತು ಎನ್‌ಜಿಸಿ 3628 ಗೆಲಾಕ್ಸಿಗಳ ಮೇಲೆ ನಾಲ್ಕು ಗಂಟೆ ಕೂತಿದ್ದೆ. ಉಳಿದಿದ್ದು ಫ್ಲ್ಯಾಟ್ ಮಾತ್ರ, ಅಂದರೆ ಸಮನಾಗಿ ಹೊಳೆಯುವ ದೀಪದ ಪ್ಯಾನೆಲನ್ನು ಟೆಲಿಸ್ಕೋಪಿನ ಮೂತಿಗೆ ಕವುಚಿ, ಆಕಾಶದ ಚಿತ್ರದ ಕಲೆಗಳನ್ನು ತಿದ್ದಲೆಂದು ತೆಗೆಯುವ ಚಿತ್ರಗಳು. ಆಲ್ಫಾ ಫಿಲ್ಟರಿನ 25 ಫ್ಲ್ಯಾಟ್‌ಗಳು ಒಂದೂ ತಪ್ಪದೆ ಬಂದವು. ಎಲ್ ಫಿಲ್ಟರಿಗೆ ಬಂದ ಕೂಡಲೇ ಈ ಕಾಟ ಶುರುವಾಯಿತು. ಪ್ಯಾನೆಲ್ ಮತ್ತೆ ಹೊತ್ತಿಸಿದರೆ ಮತ್ತೆ ಹನ್ನೆರಡು, ಮತ್ತೆ ಕಪ್ಪು. ಲ್ಯಾಪ್‌ಟಾಪಿನಲ್ಲಿ ಕಾಣುತ್ತಿದ್ದದ್ದು ಒಂದೇ ಸಾಲು: ಸಾಧನದ ಸಂಪರ್ಕ ತಪ್ಪಿದೆ.

ಸಂಪರ್ಕ ತಪ್ಪಿದೆ ಎಂದಾಗ ಎಲ್ಲರೂ ವೈಫೈ ಹಿಂದೆ ಬೀಳುತ್ತೇವೆ. ನಾನೂ ಹಾಟ್‌ಸ್ಪಾಟ್ ಬದಲಿಸಿದೆ, ಫೋನನ್ನು ಪ್ಯಾನೆಲ್ ಪಕ್ಕಕ್ಕೇ ತಂದಿಟ್ಟೆ, ಪ್ರೋಗ್ರಾಂ ಮುಚ್ಚಿ ತೆರೆದೆ. ಅಷ್ಟರಲ್ಲಿ ಹಾಲು ಕರೆಯಲು ಎದ್ದ ಮಾವ ಹತ್ತಿರ ಬಂದರು.

"ಏನಪ್ಪಾ, ಇನ್ನೂ ಮುಗೀಲಿಲ್ವಾ?"

"ಮಾವ, ಈ ಪ್ಯಾನೆಲ್ ಅರ್ಧಕ್ಕೇ ಆರಿಹೋಗ್ತಾ ಇದೆ. ವೈಫೈ ಸರಿಯಿಲ್ಲ ಅನ್ಸುತ್ತೆ."

ಅವರು ಪವರ್ ಬ್ಯಾಂಕ್ ಎತ್ತಿ ತಿರುಗಿಸಿ ನೋಡಿದರು. "ಇದ್ರಲ್ಲಿ ಬತ್ತೀನೇ ಉರೀತಿಲ್ವಲ್ಲ. ನನ್ನ ಚಿಕ್ಕ ಫೋನಿಗೆ ಹಾಕಿದ್ರೂ ಹಿಂಗೇ ಕಣಪ್ಪ, ಚಾರ್ಜು ತುಂಬ್ತಾ ಬಂದಂಗೆ ತಾನೇ ನಿಂತೋಗುತ್ತೆ. ದೊಡ್ಡ ಫೋನಿಗೆ ಹಂಗೆ ಮಾಡಲ್ಲ."

ದೋಷ ಅಲ್ಲೇ ಇತ್ತು. ಅದನ್ನು ಬಿಡಿಸಿ ಹೇಳುವ ಮೊದಲು ಪ್ಯಾನೆಲ್‌ನಲ್ಲಿ ಏನೇನಿದೆ ಎಂದು ತಿಳಿಸಿಬಿಡುತ್ತೇನೆ. ನಿಮ್ಮದೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಚಿತ್ರ ಬಿಡಿಸುವವರು ಬಳಸುವ ಎ4 ಅಳತೆಯ ಎಲ್‌ಇಡಿ ಟ್ರೇಸಿಂಗ್ ಪ್ಯಾಡ್, 5 ವೋಲ್ಟಿನದು. ಅದರ ಮುಂದೆ ಹಾಲುಬಣ್ಣದ ಆಕ್ರಿಲಿಕ್ ಹಾಳೆ. ಹಿಂದೆ ಇಎಸ್‌ಪಿ32 ಬೋರ್ಡ್, ವೈಫೈ ಇರುವ ಪುಟ್ಟ ಕಂಪ್ಯೂಟರ್. ಅದರ ಒಂದು ಪಿನ್ನಿನಿಂದ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಗೇಟಿಗೆ, ಅಂದರೆ ಅದನ್ನು ತೆರೆದು ಮುಚ್ಚುವ ಕಾಲಿಗೆ, ಪಿಡಬ್ಲ್ಯೂಎಂ, ಅಂದರೆ ದೀಪವನ್ನು ಸೆಕೆಂಡಿಗೆ ಸಾವಿರಾರು ಸಲ ಹೊತ್ತಿಸಿ ಆರಿಸಿ ಬೆಳಕು ತಗ್ಗಿಸುವ ವಿಧಾನ. 10,000 ಎಂಎಎಚ್ ಪವರ್ ಬ್ಯಾಂಕ್. ಲ್ಯಾಪ್‌ಟಾಪಿನ ಜೊತೆ ಮಾತು ಆಸ್ಕಾಮ್ ಆಲ್ಪಾಕಾ ಮೂಲಕ (ಟೆಲಿಸ್ಕೋಪಿನ ಉಪಕರಣಗಳೂ ಪ್ರೋಗ್ರಾಮುಗಳೂ ಜಾಲದಲ್ಲಿ ಮಾತಾಡುವ ಸಾಮಾನ್ಯ ಭಾಷೆ), ವೈಫೈ ಮೇಲೆ. ಇದನ್ನು 80 ಮಿ.ಮೀ. ಟೆಲಿಸ್ಕೋಪಿನ ಮೂತಿಗೆ ಕವುಚಿಟ್ಟು ಸಮನಾದ ಬೆಳಕಿನ ಚಿತ್ರ ತೆಗೆದರೆ, ಲೆನ್ಸಿನ ಅಂಚುಗತ್ತಲೆಯೂ ಸೆನ್ಸರಿನ ಮುಂದಿನ ದೂಳಿನ ಉಂಗುರಗಳೂ ಅದರಲ್ಲಿ ಅಚ್ಚಾಗುತ್ತವೆ. ಆಕಾಶದ ಚಿತ್ರವನ್ನು ಅದರಿಂದ ಭಾಗಿಸಿದರೆ ಆ ಕಲೆಗಳು ಹೋಗುತ್ತವೆ. 16 ಬಿಟ್ಟಿನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಕೊಡುವ ಬೆಳಕಿನ ಅಂಕಿಗೆ 65,535 ಗರಿಷ್ಠ. ನಾನು ಫ್ಲ್ಯಾಟಿನ ಸರಾಸರಿಯನ್ನು 30,000ದ ಆಸುಪಾಸಿನಲ್ಲಿ ಇಡುತ್ತೇನೆ.

ಮೊದಲು ಇಬ್ಬರು ಸಾಕ್ಷಿಗಳು

ಇಂಥ ಪ್ಯಾನೆಲ್‌ನಲ್ಲಿ ದೋಷ ನಾಲ್ಕು ಕಡೆ ಇರಬಹುದು: ಕರೆಂಟು, ರೇಡಿಯೋ, ಬೆಳಕು, ಇಲ್ಲವೇ ಚಿತ್ರ ಸಂಸ್ಕರಿಸುವ ಲೆಕ್ಕ. ನಾಲ್ಕರಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ ಥರ ಇರುವುದರಿಂದ ಕತ್ತಲಲ್ಲಿ ಕೂತು ಊಹಿಸಿ ಪ್ರಯೋಜನವಿಲ್ಲ. ಮನೆಯಲ್ಲೇ ಎರಡು ವ್ಯವಸ್ಥೆ ಮಾಡಿಕೊಂಡು ಹೋಗಿ.

ಒಂದು, ಬೋರ್ಡ್ ಎದ್ದು ಎಷ್ಟು ಸೆಕೆಂಡಾಯಿತು ಎಂಬ ಲೆಕ್ಕವನ್ನು ಬ್ರೌಸರಿನಲ್ಲಿ ತೋರಿಸುವ ಸಣ್ಣ ಪುಟ. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸಾಕು. ಅದರ ಕೆಳಗೆ ರೀಸೆಟ್ ಕಾರಣವನ್ನೂ ಬರೆಸಿ. ತಾನು ಯಾಕೆ ಬಿದ್ದೆ ಎಂದು ಇಎಸ್‌ಪಿ32 ಎದ್ದ ಮೇಲೆ ಹೇಳಬಲ್ಲದು: ಕರೆಂಟು ಹೋಗಿ ಬಂದದ್ದೇ, ವೋಲ್ಟೇಜ್ ಕುಸಿದು ಬ್ರೌನ್‌ಔಟ್ ಆದದ್ದೇ, ಪ್ರೋಗ್ರಾಂ ಸಿಕ್ಕಿಹಾಕಿಕೊಂಡು ವಾಚ್‌ಡಾಗ್ ಎಂಬ ಕಾವಲು ಗಡಿಯಾರ ಎಬ್ಬಿಸಿದ್ದೇ. ಸಂಪರ್ಕ ತಪ್ಪಿ ಮತ್ತೆ ಸಿಕ್ಕಾಗ ಸೆಕೆಂಡಿನ ಲೆಕ್ಕ 2,400 ಎಂದು ಮುಂದುವರಿದಿದ್ದರೆ ಬೋರ್ಡ್ ಬಿದ್ದೇ ಇಲ್ಲ, ದೋಷ ರೇಡಿಯೋದ್ದು. ಲೆಕ್ಕ 7, 8 ಎಂದು ಹೊಸದಾಗಿ ಶುರುವಾಗಿದ್ದರೆ ಹೆಚ್ಚಿನ ಸಲ ಕರೆಂಟಿನ ದೋಷ, ಯಾವ ಬಗೆಯದು ಎಂದು ರೀಸೆಟ್ ಕಾರಣವೇ ಹೇಳುತ್ತದೆ. ನನ್ನ ಅನುಭವದಲ್ಲಿ 'ವೈಫೈ ಹೋಯಿತು' ಎಂದುಕೊಂಡ ದೂರುಗಳಲ್ಲಿ ಹೆಚ್ಚಿನವು ಕರೆಂಟಿನ ದೂರುಗಳೇ.

ಎರಡು, ಪ್ರತಿ ಫ್ಲ್ಯಾಟಿನ ಸರಾಸರಿ ಅಂಕಿಯನ್ನು ಸಾಲಾಗಿ ಬರೆದುಕೊಳ್ಳುವುದು. 25 ಅಂಕಿಗಳು ಸಾಲಾಗಿ ಇಳಿಯುತ್ತಿವೆಯೇ, ಒಮ್ಮೆಲೇ ಬಿದ್ದವೇ, ಮೇಲೆ ಕೆಳಗೆ ತುಯ್ಯುತ್ತಿವೆಯೇ ಎಂದು ನೋಡಿದರೆ ಸಾಕು, ಮಲ್ಟಿಮೀಟರ್ ಹಿಡಿಯುವ ಮೊದಲೇ ಅರ್ಧ ಉತ್ತರ ಸಿಗುತ್ತದೆ.

ಕರೆಂಟು

ಮಾವ ಹೇಳಿದ್ದಕ್ಕೆ ಬರೋಣ. ಬಹಳಷ್ಟು ಪವರ್ ಬ್ಯಾಂಕುಗಳು ಎಳೆಯುವ ಕರೆಂಟು ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಫೋನ್ ತುಂಬಿತು ಎಂದುಕೊಂಡು ಸ್ವಲ್ಪ ಹೊತ್ತಿನಲ್ಲಿ ತಾವೇ ಆಫ್ ಆಗುತ್ತವೆ. ಆ ಮಟ್ಟ ಸಾಮಾನ್ಯವಾಗಿ 50ರಿಂದ 100 ಮಿಲಿ ಆಂಪ್. ನನ್ನ ಪ್ಯಾಡ್ ಪೂರ್ತಿ ಬೆಳಕಿನಲ್ಲಿ 410 ಮಿಲಿ ಆಂಪ್ ಎಳೆಯುತ್ತದೆ. ಆಲ್ಫಾ ಫಿಲ್ಟರ್ ಬೆಳಕನ್ನು ಬಹುಪಾಲು ತಡೆಯುವುದರಿಂದ ಪ್ಯಾನೆಲ್ ಪೂರ್ತಿ ಉರಿಯಬೇಕು, ಹಾಗಾಗಿ ಪವರ್ ಬ್ಯಾಂಕಿಗೆ ಅನುಮಾನ ಬರಲಿಲ್ಲ. ಎಲ್ ಫಿಲ್ಟರ್ ಬೆಳಕನ್ನೆಲ್ಲ ಬಿಡುತ್ತದೆ, ಪ್ಯಾನೆಲ್ ಶೇ 2ಕ್ಕೆ ಇಳಿದಿತ್ತು. ಅಂದರೆ ಪ್ಯಾಡಿಗೆ 8 ಮಿಲಿ ಆಂಪ್. ವೈಫೈ ನಡುನಡುವೆ ನಿದ್ದೆ ಮಾಡುತ್ತಿದ್ದ ಬೋರ್ಡಿಗೆ ಸರಾಸರಿ 40. ಒಟ್ಟು 50ರ ಒಳಗೆ. ಸುಮಾರು 30 ಸೆಕೆಂಡು ನೋಡಿ ಪವರ್ ಬ್ಯಾಂಕ್ ಮಲಗಿತು. ಎರಡು ಸೆಕೆಂಡಿನ ಎಕ್ಸ್‌ಪೋಷರ್, ಡೌನ್‌ಲೋಡಿಗೆ ಅರ್ಧ ಸೆಕೆಂಡು: 30 ಸೆಕೆಂಡಿಗೆ ಸರಿಯಾಗಿ ಹನ್ನೆರಡು ಫ್ರೇಮ್.

ಇದನ್ನು ಖಚಿತಪಡಿಸಿಕೊಳ್ಳಲು ಒಂದೇ ಪರೀಕ್ಷೆ: ಅದೇ ಎಲ್ ಫಿಲ್ಟರ್ ಇಟ್ಟುಕೊಂಡು ಪ್ಯಾನೆಲ್ ಬೆಳಕನ್ನು ಪೂರ್ತಿ ಏರಿಸಿ, ಎರಡು ನಿಮಿಷ ಬಿಡಿ. ಫ್ರೇಮ್ ಬೆಳ್ಳಗೆ ಸುಟ್ಟುಹೋಗಲಿ, ಪರವಾಗಿಲ್ಲ. ಪ್ಯಾನೆಲ್ ಆರದಿದ್ದರೆ ದೋಷ ಫಿಲ್ಟರಿನದೂ ಅಲ್ಲ, ದೂರದ್ದೂ ಅಲ್ಲ, ಕರೆಂಟು ಕಡಿಮೆ ಎಳೆದದ್ದೇ.

ಆ ಬೆಳಗ್ಗೆ ನನ್ನ ಕೈಲಿದ್ದದ್ದು 47 ಓಮ್‌ನ, 2 ವ್ಯಾಟಿನ ರೆಸಿಸ್ಟರ್. ಅದನ್ನು 5 ವೋಲ್ಟಿನ ಎರಡು ತಂತಿಗಳ ನಡುವೆ ಸಿಕ್ಕಿಸಿದೆ. 5ನ್ನು 47ರಿಂದ ಭಾಗಿಸಿದರೆ 106 ಮಿಲಿ ಆಂಪ್, ಸುಡುವ ಶಕ್ತಿ ಅರ್ಧ ವ್ಯಾಟಿಗಿಂತ ತುಸು ಹೆಚ್ಚು. ಮುಟ್ಟಿದರೆ ಬಿಸಿ ಗೊತ್ತಾಗುತ್ತದೆ, ಅದಕ್ಕೇ ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್ ಹಾಕಬೇಡಿ. ಸೂರ್ಯ ಹುಟ್ಟುವ ಮೊದಲೇ 25 ಫ್ಲ್ಯಾಟ್ ಮುಗಿದವು.

ರೆಸಿಸ್ಟರ್ ತುರ್ತಿಗೆ ಸರಿ. ಅದಕ್ಕಿಂತ ಒಳ್ಳೆಯ ಉಪಾಯವೂ ಇದೆ, ಅದು ಪಟ್ಟೆಯ ವಿಷಯ ಬಂದಾಗ ತಾನಾಗಿ ಬರುತ್ತದೆ.

ಕರೆಂಟಿನ ಇನ್ನೊಂದು ದೋಷ ಇದಕ್ಕೆ ತದ್ವಿರುದ್ಧ: ಪ್ಯಾನೆಲ್ ಪೂರ್ತಿ ಹೊತ್ತಿದ ಕ್ಷಣ ಬೋರ್ಡ್ ಬಿದ್ದು ಏಳುವುದು, ಮತ್ತೆ ಬೀಳುವುದು. ಬೋರ್ಡಿನ ಸಂದೇಶಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರಿನಲ್ಲಿ 'ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್' ಎಂಬ ಸಾಲು ಕಂಡರೆ ಅನುಮಾನವೇ ಬೇಡ. ವೈಫೈ ಪ್ರಸಾರದ ಕ್ಷಣದಲ್ಲಿ ಬೋರ್ಡ್ ಒಮ್ಮೆಲೇ ಹೆಚ್ಚು ಕರೆಂಟು ಕೇಳುತ್ತದೆ, ಅದೇ ಹೊತ್ತಿಗೆ ಪ್ಯಾಡ್ ತನ್ನ ಪಾಲು ಎಳೆದರೆ ತೆಳ್ಳಗಿನ ಯುಎಸ್‌ಬಿ ತಂತಿಯಲ್ಲೇ ಅರ್ಧ ವೋಲ್ಟ್ ಸೋರಿಹೋಗಬಹುದು. ಮೊದಲು ತಂತಿ ಬದಲಿಸಿ: ಗಿಡ್ಡ, ದಪ್ಪ. ಆಮೇಲೆ ಬೋರ್ಡಿನ 5 ವೋಲ್ಟ್ ಪಿನ್ನಿನ ಹತ್ತಿರ 470 ಮೈಕ್ರೋಫ್ಯಾರಡ್ ಕೆಪಾಸಿಟರ್. ಪ್ಯಾಡಿನ ತಂತಿಯನ್ನು ಬೋರ್ಡಿನ ಮೇಲಿಂದ ಒಯ್ಯದೆ ಪವರ್ ಬ್ಯಾಂಕ್ ಬರುವ ಜಾಗದಿಂದಲೇ ಬೇರೆ ಎಳೆಯಿರಿ.

ಬ್ಯಾಟರಿ ಎಷ್ಟಿದೆ ಎಂದು ಬೋರ್ಡಿನಿಂದಲೇ ಅಳೆಯುವವರಿಗೆ ಒಂದು ಮಾತು. ವೈಫೈ ನಡೆಯುತ್ತಿರುವಾಗ ಇಎಸ್‌ಪಿ32ರಲ್ಲಿ ವೋಲ್ಟೇಜ್ ಅಳೆಯುವ ಪಿನ್ನುಗಳ ಪೈಕಿ ಎಡಿಸಿ2 ಗುಂಪಿನವು ಅಳತೆ ಕೊಡುವುದಿಲ್ಲ. ಮೇಜಿನ ಮೇಲೆ ವೈಫೈ ಇಲ್ಲದೆ ಪರೀಕ್ಷಿಸಿದಾಗ ಸರಿಯಾಗಿದ್ದ ಅಳತೆ ತೋಟದಲ್ಲಿ ಸೊನ್ನೆಯಾದರೆ ಕಾರಣ ಇದೇ. ತಂತಿಯನ್ನು 32ರಿಂದ 39ರವರೆಗಿನ ಯಾವುದಾದರೂ ಪಿನ್ನಿಗೆ ಬದಲಿಸಿ, ಮುಗಿಯಿತು.

ರೇಡಿಯೋ

ಸೆಕೆಂಡಿನ ಲೆಕ್ಕ ನಿಲ್ಲದೆ ಓಡುತ್ತಿದ್ದೂ ಪ್ಯಾನೆಲ್ ಮಾತು ಕೇಳದಿದ್ದರೆ ಮಾತ್ರ ಇಲ್ಲಿಗೆ ಬನ್ನಿ.

ಇಎಸ್‌ಪಿ32ಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮಾತ್ರ. ಈಗಿನ ಹಲವು ಫೋನುಗಳ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಸಿಗುತ್ತದೆ, ಪ್ಯಾನೆಲ್‌ಗೆ ಕಾಣುವುದೇ ಇಲ್ಲ. ಫೋನಿನ ಹಾಟ್‌ಸ್ಪಾಟ್ ಸೆಟಿಂಗಿನಲ್ಲಿ ಬ್ಯಾಂಡ್ ಬದಲಿಸಿದರೆ ಆಯಿತು.

ಮನೆಯಲ್ಲಿ ಸರಿಯಿದ್ದು, ಟೆಲಿಸ್ಕೋಪಿಗೆ ಹಾಕಿದ ಮೇಲೆ ತಪ್ಪುವ ಸಂಪರ್ಕಕ್ಕೆ ಬಹುಪಾಲು ಎರಡು ಕಾರಣ. ಟ್ರೇಸಿಂಗ್ ಪ್ಯಾಡಿನ ಬೆನ್ನಿಗೆ ಲೋಹದ ತಗಡಿದ್ದರೆ, ಬೋರ್ಡಿನ ಆಂಟೆನಾ ಅದಕ್ಕೆ ಅಂಟಿಕೊಂಡು ಕೂತಿರುತ್ತದೆ. ಬೋರ್ಡನ್ನು ತಿರುಗಿಸಿ, ಆಂಟೆನಾ ಇರುವ ತುದಿ ತಗಡಿನ ಅಂಚಿನಿಂದ ಎರಡು ಬೆರಳು ಹೊರಗೆ ಬರುವ ಹಾಗೆ ಕೂರಿಸಿ. ಇನ್ನೊಂದು, ಕ್ಯಾಮೆರಾದ ಯುಎಸ್‌ಬಿ 3 ಕೇಬಲ್. ಅದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಸೂಸುತ್ತದೆ ಎಂಬುದು ಇಂಟೆಲ್ 2012ರಲ್ಲೇ ಅಳೆದು ಬರೆದ ವಿಷಯ. ಪರೀಕ್ಷೆ ಸುಲಭ: ಅದೇ ಪುಟದಲ್ಲಿ ಸಿಗ್ನಲ್ ಬಲವನ್ನೂ ಬರೆಸಿ, ಕ್ಯಾಮೆರಾ ನಿಂತಿದ್ದಾಗ ಒಮ್ಮೆ, ಫ್ರೇಮ್ ಡೌನ್‌ಲೋಡ್ ಆಗುವಾಗ ಒಮ್ಮೆ ಪುಟ ತೆರೆದು ನೋಡಿ. ಬಲ ಮೈನಸ್ 60 ಡಿಬಿಎಂ ಹತ್ತಿರ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಚೆನ್ನಾಗಿದ್ದೂ ಡೌನ್‌ಲೋಡ್ ಹೊತ್ತಿನಲ್ಲಷ್ಟೇ ಪುಟ ತೆವಳಿದರೆ ಅದು ಗದ್ದಲ, ಕೇಬಲ್ ದೂರ ಸರಿಸಿ. ಬಲವೇ ಮೈನಸ್ 80ಕ್ಕಿಂತ ಕೆಳಗಿದ್ದರೆ ಆಂಟೆನಾ ಮುಚ್ಚಿಹೋಗಿದೆ.

ಪ್ಯಾನೆಲ್ ಬದುಕಿದೆ, ಪುಟ ತೆರೆಯುತ್ತದೆ, ಆದರೆ ಚಿತ್ರ ತೆಗೆಯುವ ಪ್ರೋಗ್ರಾಮಿನ ಪಟ್ಟಿಯಲ್ಲಿ ಹೆಸರು ಬರುತ್ತಿಲ್ಲ ಎಂದರೆ ಆಲ್ಪಾಕಾದ ಹುಡುಕಾಟ ತಲುಪುತ್ತಿಲ್ಲ. ಲ್ಯಾಪ್‌ಟಾಪ್ ಯುಡಿಪಿ 32227 ಪೋರ್ಟಿನಲ್ಲಿ 'ಯಾರಿದ್ದೀರಿ' ಎಂದು ಕೂಗುತ್ತದೆ, ಸಾಧನ ಉತ್ತರಿಸಬೇಕು. ಹೊಸ ಹಾಟ್‌ಸ್ಪಾಟನ್ನು ವಿಂಡೋಸ್ ಸಾರ್ವಜನಿಕ ಜಾಲ ಎಂದು ಗುರುತಿಸಿಕೊಂಡರೆ ಫೈರ್‌ವಾಲ್ ಈ ಮಾತುಕತೆಯನ್ನು ತಡೆಯಬಹುದು. ಜಾಲವನ್ನು ಖಾಸಗಿ ಎಂದು ಬದಲಿಸಿ, ಇಲ್ಲವೇ ಐಪಿ ವಿಳಾಸವನ್ನು ಕೈಯಿಂದ ಬರೆಯಿರಿ. ನಾನಂತೂ ಈಗ ತೋಟಕ್ಕೆ ಹೋದಾಗ ಫೋನಿನ ಹಾಟ್‌ಸ್ಪಾಟನ್ನು ನೆಚ್ಚಿಕೊಳ್ಳುವುದಿಲ್ಲ. ಇಎಸ್‌ಪಿ32 ತಾನೇ ವೈಫೈ ಜಾಲ ತೆರೆಯುತ್ತದೆ, ವಿಳಾಸ ಯಾವಾಗಲೂ 192.168.4.1. ವಿಳಾಸ ಬದಲಾಗುವ ತಾಪತ್ರಯವೇ ಇಲ್ಲ. ಜಾಲ ತೆರೆದು ಕೂತ ಬೋರ್ಡ್ ನಿದ್ದೆ ಮಾಡುವುದಿಲ್ಲವಾದ್ದರಿಂದ ಕರೆಂಟೂ 100 ಮಿಲಿ ಆಂಪಿನ ಆಸುಪಾಸಿನಲ್ಲೇ ಇರುತ್ತದೆ.

ಬೋರ್ಡ್ ಮಾಮೂಲಿ ಜಾಲಕ್ಕೆ ಸೇರಿರುವಾಗ ಆದೇಶ ಕೊಟ್ಟು ಅರ್ಧ ಸೆಕೆಂಡು ತಡವಾಗಿ ಪ್ಯಾನೆಲ್ ಹೊತ್ತುವುದೂ ಆ ನಿದ್ದೆಯಿಂದಲೇ. ಪ್ರೋಗ್ರಾಮಿನಲ್ಲಿ ವೈಫೈ ಸ್ಲೀಪ್ ಆಫ್ ಮಾಡುವ ಒಂದು ಸಾಲು ಸೇರಿಸಿದರೆ ತಡವೂ ಹೋಗುತ್ತದೆ. ಮೊದಲ ಫ್ರೇಮ್ ಮಾತ್ರ ಮಂಕಾಗಿ ಬರುವವರು ಇನ್ನೊಂದನ್ನು ನೋಡಬೇಕು: ಆಲ್ಪಾಕಾದಲ್ಲಿ ದೀಪದ ಸ್ಥಿತಿಗೆ ಅಂಕಿಗಳಿವೆ, 2 ಎಂದರೆ ಇನ್ನೂ ಸಿದ್ಧವಿಲ್ಲ, 3 ಎಂದರೆ ಸಿದ್ಧ. ನಾವು ಬರೆದ ಪ್ರೋಗ್ರಾಂ ಅವಸರದಲ್ಲಿ ಮೊದಲೇ 3 ಎಂದು ಹೇಳಿಬಿಟ್ಟರೆ ಕ್ಯಾಮೆರಾ ಕಾಯುವುದಿಲ್ಲ. ಹೊತ್ತಿಸಿದ ಮೇಲೆ ಒಂದು ಸೆಕೆಂಡು 2 ಎಂದೇ ಹೇಳಲಿ.

ಫ್ಲ್ಯಾಟಿನಲ್ಲಿ ಪಟ್ಟೆಗಳು

ಹೆಚ್ಚು ಜನರನ್ನು ಕಾಡುವ ದೋಷ ಇದೇ, ಹೆಚ್ಚು ಜನ ಗಮನಿಸದೆ ಬಿಡುವುದೂ ಇದನ್ನೇ. ಒಂದೊಂದು ಫ್ಲ್ಯಾಟಿನಲ್ಲೂ ಅಡ್ಡ ಪಟ್ಟೆ ಇರುತ್ತದೆ, 25ನ್ನು ಒಟ್ಟುಗೂಡಿಸಿದಾಗ ಅದು ಮಸುಕಾಗಿ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಗೆಲಾಕ್ಸಿಯ ಸುತ್ತಲಿನ ಮಂಕು ಬೆಳಕನ್ನು ಎಳೆದು ತೋರಿಸುವಾಗ ಮೇಲೇಳುತ್ತದೆ. ಹಾಗಾಗಿ ಒಟ್ಟುಗೂಡಿಸಿದ್ದನ್ನು ನೋಡಬೇಡಿ, ಒಂದೇ ಒಂದು ಫ್ಲ್ಯಾಟನ್ನು ತೆರೆದು ಕಾಂಟ್ರಾಸ್ಟ್ ಜೋರಾಗಿ ಎಳೆದು ನೋಡಿ. ಮುಂದಿನ ಫ್ರೇಮಿನಲ್ಲಿ ಪಟ್ಟೆ ಜಾಗ ಬದಲಿಸಿದೆಯೇ ಎಂದೂ ನೋಡಿ. ಬದಲಿಸಿದ್ದರೆ ಅದು ದೀಪದ ಮಿಣುಕು.

ಕಾರಣ ಹೀಗೆ. ಎಲೆಕ್ಟ್ರಾನಿಕ್ ಶಟರ್ ಇರುವ ಸಿಮಾಸ್ ಸೆನ್ಸರಿನ ಎಲ್ಲ ಸಾಲುಗಳೂ ಒಟ್ಟಿಗೆ ಕಣ್ಣು ತೆರೆಯುವುದಿಲ್ಲ, ಒಂದಾದ ಮೇಲೊಂದು ತೆರೆಯುತ್ತವೆ. ದೀಪ ಸೆಕೆಂಡಿಗೆ 1,000 ಸಲ ಮಿಣುಕುತ್ತಿದ್ದು ಎಕ್ಸ್‌ಪೋಷರ್ 20 ಮಿಲಿಸೆಕೆಂಡ್ ಇದ್ದರೆ ಒಂದೊಂದು ಸಾಲಿಗೂ ಸಿಗುವುದು ಸುಮಾರು 20 ಮಿಣುಕು. ಎಕ್ಸ್‌ಪೋಷರ್ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಂದು ಸಾಲಿಗೆ 20, ಮುಂದಿನದಕ್ಕೆ 21 ಸಿಗಬಹುದು. ಇಪ್ಪತ್ತರಲ್ಲಿ ಒಂದು ಎಂದರೆ ಶೇ 5ರ ವ್ಯತ್ಯಾಸ. ಅದೇ ಎಕ್ಸ್‌ಪೋಷರ್ 2 ಸೆಕೆಂಡ್ ಇದ್ದರೆ 2,000 ಮಿಣುಕಿನಲ್ಲಿ ಒಂದು ಹೆಚ್ಚುಕಡಿಮೆ, ಶೇ 0.05. ಯಾರ ಕಣ್ಣಿಗೂ ಕಾಣದು. ಪರದೆ ಜಾರುವ ಯಾಂತ್ರಿಕ ಶಟರಿನ ಡಿಎಸ್‌ಎಲ್‌ಆರ್‌ನಲ್ಲೂ ಅತಿ ಗಿಡ್ಡ ಎಕ್ಸ್‌ಪೋಷರಿಗೆ ಇದೇ ಗತಿ.

ಪರೀಕ್ಷೆ: ಪ್ಯಾನೆಲ್ ಅನ್ನು ಶೇ 100ರಲ್ಲಿಡಿ. ಆಗ ಮಿಣುಕೇ ಇಲ್ಲ, ದೀಪ ನಿರಂತರ ಉರಿಯುತ್ತದೆ. ಬೆಳಕು ಹೆಚ್ಚಾದರೆ ಮೇಲೆ ಬಿಳಿ ಕಾಗದದ ಹಾಳೆಗಳನ್ನು ಹೊದಿಸಿ ತಗ್ಗಿಸಿ. ಪಟ್ಟೆ ಹೋದರೆ ತಪ್ಪು ಪಿಡಬ್ಲ್ಯೂಎಂದು. ಹೋಗದಿದ್ದರೆ ಟ್ರೇಸಿಂಗ್ ಪ್ಯಾಡಿನ ಒಳಗಿನ ಮೂಲ ಬೋರ್ಡನ್ನು ನೋಡಿ. ಮುಟ್ಟಿದರೆ ಬೆಳಕು ಹೆಚ್ಚುಕಡಿಮೆಯಾಗುವ ಆ ಪುಟ್ಟ ಬೋರ್ಡ್ ತಾನೂ ಪಿಡಬ್ಲ್ಯೂಎಂ ಮಾಡುತ್ತಿರಬಹುದು. ಅದನ್ನು ಒಳಗೇ ಬಿಟ್ಟು ಅದರ ಹಿಂದೆ ನಿಮ್ಮ ಮಾಸ್‌ಫೆಟ್ ಹಾಕಿದ್ದರೆ ಎರಡು ಮಿಣುಕುಗಳು ಸೇರಿ ಮೂರನೆಯ, ನಿಧಾನದ ಏರಿಳಿತ ಹುಟ್ಟುತ್ತದೆ. ಸರಾಸರಿ ಅಂಕಿಗಳು ಕಾರಣವಿಲ್ಲದೆ ತುಯ್ಯುವುದು ಇದರಿಂದಲೇ ಇರಬಹುದು. ಆ ಬೋರ್ಡನ್ನು ಬಿಚ್ಚಿ, ಎಲ್‌ಇಡಿ ಪಟ್ಟಿಯ ತಂತಿಗೆ ನೇರವಾಗಿ ಬೆಸುಗೆ ಹಾಕಿ. ಎಲ್‌ಇಡಿಗೆ ಕರೆಂಟು ಮಿತಿಗೊಳಿಸುವ ರೆಸಿಸ್ಟರ್ ಪಟ್ಟಿಯಲ್ಲಿದೆಯೋ ಆ ಬೋರ್ಡಿನಲ್ಲಿದೆಯೋ ಎಂದು ಮೊದಲು ನೋಡಿಕೊಳ್ಳಿ. ಬೋರ್ಡಿನಲ್ಲಿದ್ದರೆ ಅದನ್ನೂ ಜೊತೆಗೆ ತರಬೇಕು. ಇನ್ನೊಂದು ಲಾಭವೂ ಇದೆ: ಇಬ್ಬನಿ ಕೂತಾಗ ಆ ಮುಟ್ಟುಗುಂಡಿ ಬೆರಳು ತಾಕಿತೆಂದು ಭ್ರಮಿಸಿ ತಾನೇ ಬೆಳಕು ಬದಲಿಸುವ ಕಾಟವೂ ತಪ್ಪುತ್ತದೆ.

ಮಿಣುಕಿನ ವೇಗ ಏರಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಂದುಕೊಂಡು 20 ಕಿಲೋಹರ್ಟ್ಸ್, 12 ಬಿಟ್ ಎಂದು ಬರೆದೆ. ಪ್ಯಾನೆಲ್ ಹೊತ್ತಲೇ ಇಲ್ಲ. ಬೆಸುಗೆಯನ್ನೆಲ್ಲ ಮತ್ತೆ ಪರೀಕ್ಷಿಸಿ ಒಂದು ಸಂಜೆ ಕಳೆದೆ. ತಪ್ಪು ಗುಣಾಕಾರದಲ್ಲಿತ್ತು. ಇಎಸ್‌ಪಿ32ರ ಪಿಡಬ್ಲ್ಯೂಎಂ 80 ಮೆಗಾಹರ್ಟ್ಸ್ ಗಡಿಯಾರವನ್ನು ಹಂಚಿಕೊಂಡು ನಡೆಯುತ್ತದೆ. 12 ಬಿಟ್ ಎಂದರೆ 4,096 ಮೆಟ್ಟಿಲು. 20,000 ಗುಣಿಸು 4,096 ಎಂದರೆ 8 ಕೋಟಿ 19 ಲಕ್ಷ 20 ಸಾವಿರ, 80 ಮೆಗಾಹರ್ಟ್ಸ್ ಮೀರಿತು. ಗಡಿ ಇರುವುದು 19,531 ಹರ್ಟ್ಸ್‌ನಲ್ಲಿ. 15 ಕಿಲೋಹರ್ಟ್ಸ್ ಎಂದು ತಿದ್ದಿದ ಕೂಡಲೇ ಹೊತ್ತಿತು.

ಹೊತ್ತಿತು, ಆದರೆ ಕೆಳಗಿನ ಮೆಟ್ಟಿಲುಗಳಲ್ಲಿ ಕತ್ತಲೆ. ಶೇ 1ರಲ್ಲಿ ಬೆಳಕೇ ಇಲ್ಲ, ಶೇ 5ರಲ್ಲಿ ಇದ್ದಕ್ಕಿದ್ದಂತೆ ಜೋರು. 15 ಕಿಲೋಹರ್ಟ್ಸ್‌ನಲ್ಲಿ ಶೇ 1 ಎಂದರೆ ದೀಪ ಹೊತ್ತಿರಬೇಕಾದ ಹೊತ್ತು ಒಂದು ಮೈಕ್ರೋಸೆಕೆಂಡಿಗೂ ಕಡಿಮೆ. ನನ್ನ ಪ್ಯಾನೆಲ್‌ನಲ್ಲಿರುವ ಐಆರ್‌ಎಲ್‌ಜೆಡ್44ಎನ್ ದೊಡ್ಡ ಮಾಸ್‌ಫೆಟ್, ಅದರ ಗೇಟು ಒಂದು ಕೊಡವಿದ್ದ ಹಾಗೆ, ತುಂಬಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಬೋರ್ಡಿನ ಪಿನ್ನಿನಿಂದ 220 ಓಮ್ ರೆಸಿಸ್ಟರ್ ಮೂಲಕ ಹರಿಯುವ ಸಣ್ಣ ಧಾರೆಗೆ ಅದನ್ನು ತುಂಬಲು ಮೂರು ಮೈಕ್ರೋಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಧಾರೆಯೇ ನಿಂತಿರುತ್ತದೆ. ಎಒ3400ದಂಥ ಚಿಕ್ಕ ಗೇಟಿನ ಮಾಸ್‌ಫೆಟ್ ಹಾಕಬಹುದು, ಇಲ್ಲವೇ ವೇಗವನ್ನು 5 ಕಿಲೋಹರ್ಟ್ಸ್‌ಗೆ ಇಳಿಸಿ ಎಕ್ಸ್‌ಪೋಷರನ್ನು 2 ಸೆಕೆಂಡಿಗೆ ಏರಿಸಬಹುದು. ನಾನು ಎರಡನೆಯದನ್ನು ಆರಿಸಿಕೊಂಡೆ.

ಆಗ ಹೊಳೆದದ್ದು ಕಾಗದದ ಉಪಾಯ. ಕೆಳಗಿನ ಮೆಟ್ಟಿಲಿಗೆ ಹೋಗಬೇಕಾದ ಅಗತ್ಯವೇ ಯಾಕೆ ಬರಬೇಕು? ಸಾದಾ ಬಿಳಿ ಕಾಗದದ ನಾಲ್ಕು ಹಾಳೆಗಳನ್ನು ಆಕ್ರಿಲಿಕ್ ಮೇಲೆ ಹಾಸಿದೆ. ಎಲ್ ಫಿಲ್ಟರಿಗೆ ಶೇ 2 ಬೇಕಾಗಿದ್ದ ಜಾಗದಲ್ಲಿ ಈಗ ಶೇ 30 ಬೇಕಾಯಿತು. ಮಿಣುಕು ಉದ್ದವಾಯಿತು, ಮಾಸ್‌ಫೆಟ್ ನಿಧಾನವಾಗಿದ್ದರೂ ಚಿಂತೆಯಿಲ್ಲ. ಪ್ಯಾಡ್ ಎಳೆಯುವ ಕರೆಂಟು 120 ಮಿಲಿ ಆಂಪ್ ದಾಟಿತು, ಪವರ್ ಬ್ಯಾಂಕ್ ಮಲಗುವುದು ನಿಂತಿತು, 47 ಓಮ್ ರೆಸಿಸ್ಟರನ್ನು ತೆಗೆದಿಟ್ಟೆ. ಕಾಗದದ ನಾರು, ಸಣ್ಣ ಚುಕ್ಕೆ ಯಾವುದೂ ಫ್ಲ್ಯಾಟಿನಲ್ಲಿ ಬರುವುದಿಲ್ಲ, ಅಷ್ಟು ಹತ್ತಿರದ ವಸ್ತು ಟೆಲಿಸ್ಕೋಪಿಗೆ ಪೂರ್ತಿ ಔಟ್ ಆಫ್ ಫೋಕಸ್. ಮಡಿಕೆ ಮಾತ್ರ ಇರಬಾರದು.

ಬೆಳಕು ಇಳಿಯುತ್ತಾ ಹೋಗುವುದು

25 ಅಂಕಿಗಳು 30,400, 30,350, 30,290 ಎಂದು ನಿಧಾನಕ್ಕೆ ಇಳಿಯುತ್ತಿದ್ದರೆ ಗಾಬರಿ ಬೇಡ. ಬಿಸಿಯಾದಂತೆ ಎಲ್‌ಇಡಿಯ ಬೆಳಕು ಸ್ವಲ್ಪ ಇಳಿಯುವುದು ಸಹಜ, ಒಟ್ಟುಗೂಡಿಸುವ ಪ್ರೋಗ್ರಾಂ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಕೊಳ್ಳುತ್ತದೆ. ಹೊತ್ತಿಸಿ ಐದು ನಿಮಿಷ ಬಿಟ್ಟರೆ ಇದೂ ಇರುವುದಿಲ್ಲ.

ಇಳಿತ ಶೇ 10, 15 ಎಂದಾಗ ಮಾಸ್‌ಫೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಅದರ ಮೈಮೇಲಿನ ಅಕ್ಷರಗಳನ್ನು ಟಾರ್ಚ್ ಹಿಡಿದು ಓದಿ. ಐಆರ್‌ಎಫ್‌ಜೆಡ್44ಎನ್ ಮತ್ತು ಐಆರ್‌ಎಲ್‌ಜೆಡ್44ಎನ್ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ, ನೋಡಲು ಅವಳಿಜವಳಿ. ಎಫ್ ಇರುವುದು 10 ವೋಲ್ಟಿನ ಗೇಟಿಗಾಗಿ ಮಾಡಿದ್ದು, ಇಎಸ್‌ಪಿ32 ಕೊಡುವ 3.3 ವೋಲ್ಟಿಗೆ ಅದು ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತದೆ, ಎಷ್ಟು ತೆರೆಯುತ್ತದೆ ಎಂಬುದು ಬಿಸಿಯ ಜೊತೆ ಬದಲಾಗುತ್ತದೆ. ಪ್ಯಾನೆಲ್ ಶೇ 100ರಲ್ಲಿಟ್ಟು ಮಲ್ಟಿಮೀಟರಿನ ಒಂದು ಕಡ್ಡಿ ಡ್ರೇನಿಗೆ, ಇನ್ನೊಂದು ಸೋರ್ಸಿಗೆ (ಕರೆಂಟು ಹರಿಯುವ ಎರಡು ಕಾಲುಗಳು) ಹಿಡಿಯಿರಿ. ಸರಿಯಾದದ್ದು ಕೆಲವು ಹತ್ತು ಮಿಲಿವೋಲ್ಟ್ ತೋರಿಸಬೇಕು. ಎಫ್ ಇದ್ದ ನನ್ನ ಹಳೆಯದು 1.1 ವೋಲ್ಟ್ ತೋರಿಸಿತ್ತು.

ಅಲ್ಲೇ ಇರುವಾಗ ಗೇಟಿನಿಂದ ಗ್ರೌಂಡಿಗೆ, ಅಂದರೆ ಮೈನಸ್ ತಂತಿಗೆ, 10 ಕಿಲೋ ಓಮ್ ರೆಸಿಸ್ಟರ್ ಇದೆಯೇ ನೋಡಿಬಿಡಿ. ಇಲ್ಲದಿದ್ದರೆ ಬೋರ್ಡ್ ಏಳುವ ಕ್ಷಣ ಗೇಟು ಗಾಳಿಯಲ್ಲಿ ತೇಲಿ ಪ್ಯಾನೆಲ್ ಫಳ್ಳನೆ ಹೊತ್ತುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಚಿತ್ರ ತೆಗೆಯುತ್ತಿದ್ದರೆ ಅವರ ಫ್ರೇಮ್ ಹಾಳು.

ಫಿಲ್ಟರ್ ಬದಲಿಸಿದಾಗ ಬೆಳಕು ಸಾಲದೆ ಹೋದರೆ ಅದು ದೋಷವಲ್ಲ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ 450 ನ್ಯಾನೋಮೀಟರಿನ ನೀಲಿ ಶಿಖರ ಎತ್ತರ, ಕಡುಗೆಂಪು ಕಡೆಗೆ ಹೋದಂತೆ ಇಳಿಜಾರು. ಹೈಡ್ರೋಜನ್ ಆಲ್ಫಾ 656, ಸಲ್ಫರ್ 672. ಕಾಗದ ತೆಗೆದು ಪೂರ್ತಿ ಬೆಳಕಿನಲ್ಲಿ ನನಗೆ ಆಲ್ಫಾಕ್ಕೆ 5 ಸೆಕೆಂಡ್, ಸಲ್ಫರಿಗೆ 9 ಸೆಕೆಂಡ್ ಬೇಕು.

ಪ್ಯಾನೆಲ್ ಸರಿಯಿದ್ದೂ ಚಿತ್ರ ಸರಿಯಾಗದಿದ್ದರೆ

ಮೊದಲು ಪ್ಯಾನೆಲ್ ನಿರಪರಾಧಿಯೇ ಎಂದು ತೀರ್ಮಾನಿಸಿ. ಒಂದು ಗುಂಪು ಫ್ಲ್ಯಾಟ್ ತೆಗೆದು, ಟೆಲಿಸ್ಕೋಪ್ ಮುಟ್ಟದೆ ಪ್ಯಾನೆಲ್ ಮಾತ್ರ 90 ಡಿಗ್ರಿ ತಿರುಗಿಸಿ ಇನ್ನೊಂದು ಗುಂಪು ತೆಗೆಯಿರಿ. ಒಂದನ್ನು ಇನ್ನೊಂದರಿಂದ ಭಾಗಿಸಿ. ಬೂದು ಬಣ್ಣ ಸಮನಾಗಿ ಹರಡಿದ್ದರೆ ಪ್ಯಾನೆಲ್ ಸರಿ. ಒಂದು ಮೂಲೆಯಿಂದ ಇನ್ನೊಂದಕ್ಕೆ ಇಳಿಜಾರು ಕಂಡರೆ, ಅಂಚಿನ ಎಲ್‌ಇಡಿ ಸಾಲಿಗೆ ಟೆಲಿಸ್ಕೋಪಿನ ಮೂತಿ ಹತ್ತಿರವಾಗಿದೆ. ನಡುವಿಗೆ ಸರಿಸಿ.

ಸರಿಪಡಿಸಿದ ಚಿತ್ರದಲ್ಲಿ ಮೂಲೆಗಳು ನಡುವಿಗಿಂತ ಬೆಳ್ಳಗಾದರೆ ಬಹಳಷ್ಟು ಮಂದಿ ಪ್ಯಾನೆಲ್ ಬಿಚ್ಚುತ್ತಾರೆ. ಬಿಚ್ಚಬೇಡಿ, ಲೆಕ್ಕ ನೋಡಿ. ಮೂಲೆಗೆ ಬೀಳುವ ಬೆಳಕು ನಡುವಿನ ಶೇ 80 ಎಂದಿಟ್ಟುಕೊಳ್ಳಿ. ಆಕಾಶದ ಬೆಳಕು ನಡುವಿನಲ್ಲಿ 1,000, ಮೂಲೆಯಲ್ಲಿ 800. ಇದರ ಮೇಲೆ ಕ್ಯಾಮೆರಾ ತಾನೇ ಸೇರಿಸುವ 500ರ ಬಯಾಸ್ ಎಲ್ಲ ಕಡೆ ಒಂದೇ. ಅದನ್ನು ಕಳೆಯದೆ ಭಾಗಿಸಿದರೆ ನಡುವೆ 1,500, ಮೂಲೆಯಲ್ಲಿ 1,300ನ್ನು 0.8ರಿಂದ ಭಾಗಿಸಿ 1,625. ಮೂಲೆ ಶೇ 8ರಷ್ಟು ಹೆಚ್ಚಾಯಿತು. ಆಕಾಶದ ಚಿತ್ರದಿಂದ ಡಾರ್ಕ್ (ಮೂತಿ ಮುಚ್ಚಿ ತೆಗೆದ ಚಿತ್ರ, ಬಯಾಸ್ ಅದರಲ್ಲೇ ಇರುತ್ತದೆ) ಕಳೆದಿಲ್ಲ ಎಂದರ್ಥ. ಇದಕ್ಕೆ ಉಲ್ಟಾ, ಮೂಲೆಯ ಕತ್ತಲೆ ಪೂರ್ತಿ ಹೋಗದೆ ಉಳಿದಿದ್ದರೆ ಫ್ಲ್ಯಾಟಿನಿಂದ ಬಯಾಸ್ ಕಳೆಯಲು ಮರೆತಿರಬಹುದು.

ದೂಳಿನ ಉಂಗುರ ಹೋಗದೆ, ಒಂದು ಬದಿ ಬೆಳಕು ಇನ್ನೊಂದು ಬದಿ ನೆರಳಾಗಿ ಉಬ್ಬುಚಿತ್ರದಂತೆ ನಿಂತರೆ, ಆಕಾಶದ ಚಿತ್ರಕ್ಕೂ ಫ್ಲ್ಯಾಟಿಗೂ ನಡುವೆ ಕ್ಯಾಮೆರಾ ತಿರುಗಿದೆ ಇಲ್ಲವೇ ದೂಳು ಸರಿದಿದೆ. ಕ್ಯಾಮೆರಾ ಬಿಚ್ಚುವ ಮೊದಲು ಫ್ಲ್ಯಾಟ್ ತೆಗೆಯಬೇಕು ಎನ್ನುವುದು ಇದಕ್ಕೇ.

ಇನ್ನೊಂದು ನಮ್ಮ ಸೀಮೆಯ ಬೇಸಗೆಯದು. ಏಪ್ರಿಲ್‌ನಲ್ಲಿ ಎರಡು ಹನಿ ಮಳೆ ಬಿದ್ದ ಮಾರನೆಯ ರಾತ್ರಿ ಫ್ಲ್ಯಾಟಿನ ಅಂಕಿಗಳು 30,100ರಲ್ಲಿ ನಿಂತಿದ್ದವು, ಒಂಬತ್ತನೆಯದರಲ್ಲಿ ಒಮ್ಮೆಲೇ 29,640, ಮೂರು ಫ್ರೇಮ್ ಹಾಗೇ ಇದ್ದು ಮತ್ತೆ 30,100. ಕರೆಂಟಾದರೆ ಇಷ್ಟು ಚೊಕ್ಕವಾಗಿ ಬಿದ್ದು ಏಳುವುದಿಲ್ಲ. ಪ್ಯಾನೆಲ್ ಎತ್ತಿ ನೋಡಿದರೆ ಆಕ್ರಿಲಿಕ್ ಮೇಲೆ ರೆಕ್ಕೆ ಮಡಚಿ ಕೂತ ದೀಪದ ಹುಳು, ಹೆಚ್ಚೆಂದರೆ ಒಂದು ಸೆಂಟಿಮೀಟರ್. 80 ಮಿ.ಮೀ. ಮೂತಿಯ ವಿಸ್ತೀರ್ಣದಲ್ಲಿ ಅಷ್ಟು ಅಗಲದ ತಡೆ ಎಂದರೆ ಶೇ 1.5, ಅಂಕಿ ಇಳಿದದ್ದೂ ಅಷ್ಟೇ. ಅದು ಮೂತಿಯ ಹತ್ತಿರವೇ ಕೂತಿದ್ದರಿಂದ ನೆರಳು ಒಂದು ಕಡೆ ಬೀಳದೆ ಇಡೀ ಚಿತ್ರವನ್ನು ಬಹುಮಟ್ಟಿಗೆ ಸಮನಾಗಿ ಮಂಕಾಗಿಸಿತ್ತು. ಆ ಮೂರು ಫ್ರೇಮ್‌ಗಳನ್ನು ಉಳಿದವುಗಳಿಂದ ಭಾಗಿಸಿ ನೋಡಿದೆ, ಆಕಾರ ಏನೂ ಕಾಣಲಿಲ್ಲ. ಇಟ್ಟುಕೊಂಡೆ. ಈಗ ಪ್ಯಾನೆಲ್ ಕವುಚಿದ ಮೇಲೆ ಸುತ್ತ ಒಂದು ಕಪ್ಪು ಬಟ್ಟೆ ಸುತ್ತುತ್ತೇನೆ.